ನಾನೇ ಟಿಕ್ ಹಾಕಿದ ಹೆಸರುಗಳು

ಕಾನೂನು ಅರಿವು ಶಿಬಿರ ಎಂದರೆ ಭಾಷಣ ಎಂದು ಹೊರಗಿನವರು ತಿಳಿದಿರುತ್ತಾರೆ. ಅಲ್ಲವೇ ಅಲ್ಲ. ಶಿಬಿರ ಎಂದರೆ ಹಾಜರಿ ಪಟ್ಟಿ. ಮಾತು ಯಾರಿಗಾದರೂ ತಿಳಿಯಿತೇ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಸಹಿ ಬಿದ್ದವು ಎಂದು ಕೇಳುತ್ತಾರೆ. ನಲವತ್ತು ಸಹಿ, ಬ್ಯಾನರ್ ಪೂರ್ತಿ ಕಾಣುವಂತೆ ಎರಡು ಫೋಟೋ, ಇಷ್ಟಾದರೆ ಶಿಬಿರ ಯಶಸ್ವಿ.

ನಾನು ಹಾನಗಲ್ಲಿನಲ್ಲಿ ವಕೀಲಿ ಮಾಡುವವಳು. ಆ ವರ್ಷ ಒಂದು ಸಂಸ್ಥೆ ನನ್ನನ್ನು ಸಂಪನ್ಮೂಲ ವ್ಯಕ್ತಿ ಎಂದು ನೇಮಿಸಿ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ನಾಲ್ಕೂ ತಾಲ್ಲೂಕುಗಳನ್ನು ನನ್ನ ಕೊರಳಿಗೆ ಕಟ್ಟಿತ್ತು. ಹೇಳಬೇಕಾದ ವಿಷಯ ಎರಡು. ಒಂದು, ದುಡಿಯುವ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ. ಇನ್ನೊಂದು, ಮಾನವ ಸಾಗಾಣಿಕೆ. ಎರಡಕ್ಕೂ ಕಾನೂನು ಇದೆ, ಹೆದರಬೇಡಿ, ದೂರು ಕೊಡಿ ಎಂದು ನಾನು ಮೈಕಿನಲ್ಲಿ ಹೇಳಬೇಕು.

ಮೊದಲ ಶಿಬಿರ ತಿಳವಳ್ಳಿಯಲ್ಲಿ. ಬಂದವರು ಏಳು ಜನ. ಅದರಲ್ಲಿ ಇಬ್ಬರು ಬಸ್ಸಿಗೆ ಕಾಯುತ್ತಿದ್ದವರು, ನೆರಳಿಗೆಂದು ಒಳಗೆ ಬಂದಿದ್ದರು. ಗೋವಿನಜೋಳದ ತೆನೆ ಮುರಿಯುವ ಹೊತ್ತು, ಹೆಂಗಸರೆಲ್ಲ ಹೊಲದಲ್ಲಿದ್ದರು. ಸಂಸ್ಥೆಯ ಸಂಯೋಜಕರು ಫೋನಿನಲ್ಲಿ ನನ್ನ ಮುಖದ ನೀರು ಇಳಿಸಿದರು. ಫೋನ್ ಇಟ್ಟು ಬ್ಯಾನರ್ ಸುತ್ತುತ್ತಿದ್ದೆ. ಆಗ ಬಂದವಳೇ ಸಂಘದ ಅಕ್ಕ. ಅಕ್ಕಿಆಲೂರಿನ ಕಡೆಯವಳು, ಮಹಿಳಾ ಸಂಘಗಳಲ್ಲಿ ಓಡಾಡಿ ಊರೂರು ಬಲ್ಲವಳು, ನನಗಿಂತ ಹತ್ತು ವರ್ಷ ದೊಡ್ಡವಳು.

"ಮೇಡಂ, ಹಿಂಗ ಮೈಕಿನ್ಯಾಗ ಒದರಿದ್ರ ಯಾರ್ ಬರ್ತಾರ್ರಿ? ಜನಾ ಕೂಡಸೂದು ನನಗ ಬಿಡ್ರಿ. ನೀವು ಮಾತಾಡೂದಷ್ಟ ನೋಡ್ಕೋರಿ" ಅಂದಳು.

ಬಿಟ್ಟೆ. ಮುಂದಿನ ಶಿಬಿರ ಹಂಸಭಾವಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಹೋಗಿ ನೋಡುತ್ತೇನೆ, ಕೂರಲು ಜಾಗವಿಲ್ಲ. ಹರೆಯದ ಹುಡುಗಿಯರೇ ಮೂವತ್ತು ಜನ! ಶಿಗ್ಗಾಂವಿಯಲ್ಲೂ ಹಾಗೆಯೇ, ಸವಣೂರಿನಲ್ಲೂ ಹಾಗೆಯೇ. ಹಿಂದೂಗಳ ಓಣಿ, ಮುಸಲ್ಮಾನರ ಓಣಿ ಎಂದಿಲ್ಲ, ಆಕೆ ಕರೆದರೆ ಹೆಣ್ಣುಮಕ್ಕಳು ಬರುತ್ತಿದ್ದರು. ನನಗಂತೂ ಆನೆ ಬಲ ಬಂದಂತಾಯಿತು. ಮದುವೆ ಮಾಡಿಸುತ್ತೇವೆಂದು ನಂಬಿಸಿ ದೂರದ ರಾಜ್ಯಕ್ಕೆ ಹುಡುಗಿಯರನ್ನು ಸಾಗಿಸುವವರಿದ್ದಾರೆ, ಅದೂ ಅಪರಾಧ ಎಂದು ನಾನು ಹೇಳುವಾಗ ಆಕೆ ಮುಂದಿನ ಸಾಲಿನಿಂದ ಹಿಂದೆ ತಿರುಗಿ, "ಕೇಳಿದ್ರೇನ್ರಬೇ? ಮೇಡಂ ಹೇಳೂದು ತಲಿಯಾಗ ಇಟ್ಕೋರಿ" ಎಂದು ಗದರಿಸುತ್ತಿದ್ದಳು. ಶಿಗ್ಗಾಂವಿಯ ಶಿಬಿರದಲ್ಲಿ ನಾನೇ ಆಕೆಗೆ ಶಾಲು ಹೊದಿಸಿದೆ. ನಾನೇ, ಈ ಕೈಯಿಂದ.

ಈಗ ನನ್ನ ಜಾಣತನದ ಕಥೆ ಹೇಳುತ್ತೇನೆ, ಕೇಳಿ. ಸಂಸ್ಥೆಯ ಹಾಜರಿ ಪಟ್ಟಿಯಲ್ಲಿ ಹೆಸರು, ವಯಸ್ಸು, ಊರು, ಮೊಬೈಲ್ ನಂಬರ್, ಸಹಿ ಇಷ್ಟೇ ಇತ್ತು. ನಾನು ಇನ್ನೊಂದು ಕಾಲಂ ಸೇರಿಸಿದೆ: ಮನೆಯ ಸ್ಥಿತಿ. ಅದರಲ್ಲಿ ಹುಡುಗಿಯರು ಬರೆಯುತ್ತಿದ್ದರು. ಅಪ್ಪ ಇಲ್ಲ. ಅವ್ವ ಕೂಲಿಗೆ ಹೋಗ್ತಾಳ. ಸಾಲಿ ಬಿಟ್ಟೇನಿ. ಮದುವಿ ಆಗಿಲ್ಲ. ಯಾರನ್ನು ಸಾಗಿಸುವುದು ಸುಲಭವೋ ಅಂಥವರನ್ನು ಮೊದಲೇ ಗುರುತಿಸಿ ಹೊಲಿಗೆ ತರಬೇತಿಗೆ ಸೇರಿಸಬೇಕೆಂಬುದು ನನ್ನ ಲೆಕ್ಕಾಚಾರ. ಪ್ರತಿ ಶಿಬಿರ ಮುಗಿದ ಮೇಲೆ ಕುಳಿತು ಅಂಥ ಹೆಸರುಗಳ ಮುಂದೆ ಕೆಂಪು ಪೆನ್ನಿನಿಂದ ಟಿಕ್ ಹಾಕುತ್ತಿದ್ದೆ. ತಿಂಗಳ ಸಭೆಯಲ್ಲಿ ಸಂಯೋಜಕರು ಆ ಕಾಲಮ್ಮನ್ನು ಎಲ್ಲರಿಗೂ ತೋರಿಸಿ ಚಪ್ಪಾಳೆ ಹೊಡೆಸಿದರು. ಮನೆಗೆ ಬಂದು ಗಂಡನ ಮುಂದೆ ಎರಡು ಸಲ ಹೇಳಿಕೊಂಡೆ.

ಟಿಕ್ ಹಾಕಿದ ಹುಡುಗಿಯರಿಗೆ ಫೋನ್ ಮಾಡಿ ತರಬೇತಿಗೆ ಕರೆಯಬೇಕಲ್ಲ? ನನಗೆ ಕೋರ್ಟಿನ ಕೆಲಸ. ಆ ಅಕ್ಕನಿಗೆ ಪಟ್ಟಿಗಳ ಝೆರಾಕ್ಸ್ ಕೊಟ್ಟೆ, ಬಣ್ಣದ್ದೇ ಬೇಕೆಂದಳು, ಬಣ್ಣದ್ದೇ ತೆಗೆಸಿದೆ. "ನೀವು ಕೊಟ್ರ ಆತು ಬಿಡ್ರಿ ಮೇಡಂ, ಒಬ್ಬೊಬ್ಬರ ಮನಿಗಿ ಹೋಗಿ ಬರ್ತೇನಿ" ಅಂದಳು. ಎಂಥ ಹೆಣ್ಣುಮಗಳು ಎಂದು ಮನಸ್ಸು ತುಂಬಿ ಬಂತು.

ಎರಡು ತಿಂಗಳ ಮೇಲೆ ಒಂದು ಸೋಮವಾರ ಕೋರ್ಟಿನಿಂದ ಕಚೇರಿಗೆ ಬಂದೆ. ಕಚೇರಿ ಎಂದರೆ ಝೆರಾಕ್ಸ್ ಅಂಗಡಿಯ ಹಿಂದಿನ ಒಂದು ಕೋಣೆ. ಬಾಗಿಲಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಕುಳಿತಿದ್ದಳು. ಹಂಸಭಾವಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ನಾನು ಕುರ್ಚಿ ತೋರಿಸಿದೆ, ಕೂರಲಿಲ್ಲ.

"ನನ್ನ ಮಗಳನ್ನ ಎಲ್ಲಿ ಕಳಿಸೀರಿ? ಅದನ್ನಷ್ಟ ಹೇಳ್ರಿ" ಅಂದಳು.

ಯಾರೋ ವಿಳಾಸ ತಪ್ಪಿ ಬಂದಿದ್ದಾಳೆ ಅಂದುಕೊಂಡೆ. "ಯಾವ ಮಗಳವ್ವಾ? ನಾನು ಯಾರನ್ನೂ ಎಲ್ಲಿಗೂ ಕಳಿಸಿಲ್ಲ" ಅಂದೆ.

"ಹಂಗನಬ್ಯಾಡ್ರಿ ಮೇಡಂ. ನಿಮ್ಮ ಕಡಿಂದನ ಬಂದ ಸಂಬಂಧ. ನೀವು ಆರಿಸೀರಂತ, ಗಂಡಿನ ಕಾಗದಪತ್ರ ನೀವ ನೋಡೀರಂತ." ಸೆರಗಿನ ಗಂಟು ಬಿಚ್ಚಿ ಮಡಿಚಿದ ಒಂದು ಹಾಳೆ ಮೇಜಿನ ಮೇಲೆ ಇಟ್ಟಳು.

ನನ್ನ ಹಾಜರಿ ಪಟ್ಟಿ. ಬಣ್ಣದ ಝೆರಾಕ್ಸ್. ಹನ್ನೊಂದನೇ ಸಾಲಿನಲ್ಲಿ ಆಕೆಯ ಮಗಳ ಹೆಸರು, ಹತ್ತೊಂಬತ್ತು ವರ್ಷ. ಮನೆಯ ಸ್ಥಿತಿ: ಅಪ್ಪ ಇಲ್ಲ. ಮುಂದೆ ನನ್ನ ಕೆಂಪು ಟಿಕ್.

ನಿಂತಿದ್ದ ಆಕೆಯ ಎದುರು ನಾನೇ ಕುರ್ಚಿಯಲ್ಲಿ ಕುಸಿದೆ. ಆ ಅಕ್ಕ ಬಣ್ಣದ ಪ್ರತಿಯನ್ನೇ ಯಾಕೆ ಕೇಳಿದ್ದಳೆಂದು ಆಗ ಹೊಳೆಯಿತು. ಕಪ್ಪು-ಬಿಳುಪಿನಲ್ಲಿ ಟಿಕ್ ಕೆಂಪಗೆ ಕಾಣುವುದಿಲ್ಲ.

ತಾಯಿ ಹೇಳಿದ್ದು ಇಷ್ಟು. ಸಂಘದ ಅಕ್ಕ ಈ ಹಾಳೆ ಹಿಡಿದುಕೊಂಡು ಮನೆಗೆ ಬಂದಳು. ಜೊತೆಗೆ ಮೊಬೈಲಿನಲ್ಲಿ ನಾನು ಶಾಲು ಹೊದಿಸುತ್ತಿರುವ ಫೋಟೋ. "ಕಾನೂನಿನವರ ಕಡಿಂದ ಚಲೋ ಮನಿ ಬಂದೈತಿ. ಗುಜರಾತ ಕಡಿ, ಬಟ್ಟಿ ಅಂಗಡಿ ಐತಿ. ಮದುವಿ ಖರ್ಚೆಲ್ಲಾ ಅವರದ. ನೋಡು, ವಕೀಲ ಮೇಡಂ ನಿನ್ನ ಮಗಳ ಹೆಸರಿಗೆ ಗುರ್ತು ಹಾಕ್ಯಾರ" ಅಂದು ಹಾಳೆಯನ್ನು ಅಲ್ಲೇ ಬಿಟ್ಟು ಹೋಗಿದ್ದಳು. ಮೂರನೇ ದಿನ ನಿಶ್ಚಯದ ಸಕ್ಕರೆ ಹಂಚಿದ್ದಾಯಿತು. ದಾವಣಗೆರೆಯ ಯಾವುದೋ ಲಾಡ್ಜಿನಲ್ಲಿ ತಾಯಿಯ ಎದುರೇ ಹಾರ ಹಾಕಿಸಿ ಫೋಟೋ ತೆಗೆದು ಒಂದು ಪ್ರತಿ ಆಕೆಗೆ ಕೊಟ್ಟರು. ಮಗಳು ರೈಲು ಹತ್ತಿದಳು. ಆಮೇಲೆ ಅವಳ ಫೋನ್ ಬಂದ್.

ಒಂದೇ ಒಂದು ಸಲ ಯಾವುದೋ ನಂಬರಿನಿಂದ ಮಗಳು ಮಾತಾಡಿದ್ದಳು. "ಅವ್ವಾ, ಇಲ್ಲಿ ಮೂರು ಮಂದಿ ಗಂಡಸರದಾರ, ಬಾಗಲಾ ಹೊರಗಿಂದ ಹಾಕ್ತಾರ" ಎನ್ನುವಷ್ಟರಲ್ಲಿ ಕಟ್ಟಾಯಿತು.

"ಆ ನಂಬರ್ ಬರಕೊಂಡಿಯೇನವ್ವಾ?"

"ನನಗ ಬರಿಯಾಕ ಎಲ್ಲಿ ಬರತೈತ್ರಿ? ಬ್ಯಾರೆಯವರ ಫೋನ್ ಬಂದ್ರ ಆ ನಂಬರ್ ಕೆಳಗ ಕೆಳಗ ಹೋಗಿ ಅಳಿಸಿ ಹೋಗತೈತಿ ಅಂತ ಅಂಗಡ್ಯಾಂವ ಹೇಳಿದಾ. ಅದಕ್ಕ ಐದು ದಿನಾತು, ಫೋನ್ ಬಂದ್ ಮಾಡಿ ಇಟ್ಟೇನ್ರಿ."

ಬ್ಲೌಸಿನೊಳಗಿಂದ ಹಳೆಯ ಗುಂಡಿಯ ಫೋನ್ ತೆಗೆದು ಕೊಟ್ಟಳು. ಚಾಲೂ ಮಾಡಿದೆ. ಕೊನೆಯ ಕರೆಯಾಗಿ ಆ ನಂಬರು ಇನ್ನೂ ಇತ್ತು. ಬರೆದುಕೊಂಡೆ.

ಇಷ್ಟಾದ ಮೇಲಾದರೂ ಬುದ್ಧಿ ನೆಟ್ಟಗಿರಬೇಕಿತ್ತಲ್ಲ? ಹದಿನೆಂಟು ವರ್ಷ ವಕೀಲಿ ಮಾಡಿದ್ದೇನೆ, ಆರೋಪಿಗೆ ಸುಳಿವು ಕೊಡಬಾರದೆಂಬುದು ನಿನ್ನೆ ಸನ್ನದು ಪಡೆದ ಹುಡುಗರಿಗೂ ಗೊತ್ತು. ಆದರೆ ನನಗೆ ಸಿಟ್ಟು ನೆತ್ತಿಗೇರಿತ್ತು. ತಾಯಿಯ ಎದುರೇ ಆ ಅಕ್ಕನಿಗೆ ಫೋನ್ ಹಚ್ಚಿದೆ. "ನನ್ನ ಪಟ್ಟಿ ಹಿಡಿದು ಏನು ಮಾಡೀಯೇ ನೀನು? ಆ ಹುಡುಗಿ ಎಲ್ಲಿದ್ದಾಳೆ?" ಎಂದು ಅರಚಿದೆ.

ಅತ್ತ ಕಡೆ ಒಂದು ಕ್ಷಣವೂ ತಡವರಿಕೆ ಇಲ್ಲ. "ಯಾಕ್ರಿ ಮೇಡಂ, ಚಲೋ ಮನ್ಯಾಗ ಅದಾಳ. ಹೊಸದಾಗಿ ಹೋದ ಹುಡುಗ್ಯಾರು ನಾಕು ದಿನ ಅಳೂದು ಇದ್ದದ್ದ. ನೀವ್ಯಾಕ ತಲಿ ಕೆಡಿಸ್ಕೋತೀರಿ?" ಅಂದಳು. ಫೋನ್ ಇಟ್ಟಳು. ಅರ್ಧ ಗಂಟೆ ಬಿಟ್ಟು ಮತ್ತೆ ಹಚ್ಚಿದರೆ ಸ್ವಿಚ್ ಆಫ್. ತಾಯಿ ಐದು ದಿನ ಕಾಪಾಡಿದ ನಂಬರಿಗೆ ಹಚ್ಚಿದೆ. ಅದೂ ಸ್ವಿಚ್ ಆಫ್.

ಅಯ್ಯೋ ದೇವರೇ! ಆ ಹೆಂಗಸು ಓದಲು ಬರೆಯಲು ಬಾರದಿದ್ದರೂ ಒಂದೇ ಸುಳಿವನ್ನು ಕಣ್ಣಿನ ಹಾಗೆ ಕಾದಳು. ನಾನು ಎಲ್‌ಎಲ್‌ಬಿ ಓದಿದವಳು ಒಂದು ಕರೆಯಲ್ಲಿ ಅದನ್ನು ಹಾಳು ಮಾಡಿದೆ. ಆಕೆ ನನ್ನನ್ನು ಬೈಯಲಿಲ್ಲ. "ಮತ್ತ ಹಚ್ಚಿ ನೋಡ್ರಿ" ಅಂದಳು. ನಾನು ಹಚ್ಚುತ್ತಲೇ ಇದ್ದೆ.

ಅವತ್ತೇ ಮಧ್ಯಾಹ್ನ ಒಂದು ಠಾಣೆಗೆ ಹೋದೆವು. ಅಲ್ಲಿ ಬರೆದುಕೊಳ್ಳುವವರು ಹಾರ ಹಾಕಿದ ಫೋಟೋ ನೋಡಿದರು. "ವಯಸ್ಸಿಗೆ ಬಂದಾಳ, ತಾಯಿ ಮುಂದ ನಿಂತು ಮದುವಿ ಮಾಡ್ಯಾಳ. ಇದರಾಗ ಕೇಸ್ ಎಲ್ಲೈತ್ರಿ ಮೇಡಂ? ಕಾಣೆಯಾಗ್ಯಾಳ ಅಂತ ಬೇಕಾದ್ರ ಬರಕೋತೇನಿ" ಅಂದರು. ಕಾಣೆಯಾದವರ ಅರ್ಜಿ ಎಂದರೆ ಪತ್ರಿಕೆಯಲ್ಲಿ ಒಂದು ಸಣ್ಣ ಫೋಟೋ, ಅಷ್ಟೇ. ಭಾರತೀಯ ನ್ಯಾಯ ಸಂಹಿತೆಯ ನೂರಾ ನಲವತ್ಮೂರನೇ ಕಲಂ ತೆಗೆದು ತೋರಿಸಿದೆ. ವಂಚಿಸಿ ಒಬ್ಬರನ್ನು ಶೋಷಣೆಗೆ ಸಾಗಿಸಿದರೆ ಅದು ಸಾಗಾಣಿಕೆ, ಆಕೆ ಒಪ್ಪಿದ್ದಳೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಅವರು ಓದಿ, "ವಂಚನೆ ಎಲ್ಲೈತಿ? ಅದನ್ನ ತೋರಸ್ರಿ" ಅಂದರು. ಸಿಟ್ಟು ಬಂತು, ಆದರೆ ಕೇಳಿದ್ದು ಸರಿಯಾದ ಪ್ರಶ್ನೆಯೇ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಜಿಲ್ಲಾ ಕೇಂದ್ರಕ್ಕೆ ಹೋದೆವು. ಹೆಣ್ಣುಮಕ್ಕಳ ಪ್ರಕರಣ ನೋಡುವ ಮಹಿಳಾ ಇನ್‌ಸ್ಪೆಕ್ಟರ್ ಒಬ್ಬರಿದ್ದರು, ಮಾತು ಕಡಿಮೆ. ತಾಯಿ ಹೇಳಿದ್ದನ್ನೆಲ್ಲ ಕೇಳಿದರು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಈ ಪಟ್ಟಿ ಆ ಸಂಘದಾಕಿ ಕೈಗೆ ಹೆಂಗ ಬಂತು?"

ನಾನು ತಾಯಿಯ ಕಡೆ ನೋಡಿದೆ.

"ನೋಡ್ರಿ ವಕೀಲರ, ನಾ ಆಕೀನ ಹಿಡದು ತಂದ್ರ ಆಕಿ ಏನಂತಾಳ? ನಾ ಸಂಬಂಧ ಕೂಡಸಾಕಿ ಅಂತಾಳ. ಜಾಮೀನ ತಗೊಂಡು ಮನಿಗಿ ಹೋಗ್ತಾಳ. ಪಟ್ಟಿ ಯಾತಕ್ಕ ಮಾಡಿದ್ದು, ಯಾರು ಕೊಟ್ರು, ಈ ಟಿಕ್ ಏನು, ಗಂಡಿನ ಕಾಗದ ನೀವು ನೋಡೀರೋ ಇಲ್ಲೋ. ಇಷ್ಟನ್ನ ಯಾರಾದ್ರೂ ಸಹಿ ಹಾಕಿ ಹೇಳಬೇಕು. ಆಗ ಅದು ಮೋಸ ಅಂತ ನಿಲ್ಲತೈತಿ. ನಾ ಬ್ಯಾರೆ ರಾಜ್ಯಕ್ಕ ತಂಡ ಕಳಸಬಹುದು."

ಹೊರಗೆ ಬಂದು ಸಂಯೋಜಕರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ಹುಡುಗಿಯ ಬಗ್ಗೆ ಅಲ್ಲ. "ಪಟ್ಟಿ ಮೇಲೆ ಸಂಸ್ಥೆಯ ಹೆಸರಿದೆಯಾ?" ಎಂದು. ಇದೆ ಅಂದೆ. ಆಮೇಲೆ ಬಹಳ ನಯವಾಗಿ, "ಕಳುವಾಗಿತ್ತು ಅಂತ ಬರಕೊಡ್ರಿ ಮೇಡಂ. ಶಿಬಿರದ ಗದ್ದಲದಾಗ ಯಾರೋ ಹೊಡಕೊಂಡು ಹೋದ್ರು ಅಂತ. ನಿಮಗೂ ತ್ರಾಸಿಲ್ಲ, ನಮಗೂ ಇಲ್ಲ. ನೀವ ಕೊಟ್ರಿ ಅಂತ ಬರದ್ರ ನಾಳಿಂದ ನೀವು ನಮ್ಮಲ್ಲಿ ಇರಂಗಿಲ್ಲ. ವಕೀಲಕಿ ಮ್ಯಾಲೂ ದೂರು ಹೋಗಬಹುದು, ವಿಚಾರ ಮಾಡ್ರಿ" ಅಂದರು.

ಸುಳ್ಳು ಹೇಳುವುದಿಲ್ಲ, ಆ ಮಾತು ನನಗೆ ರುಚಿಸಿತು. ಕಾಲು ಗಂಟೆ ಕಾರಿಡಾರಿನಲ್ಲಿ ಅದನ್ನೇ ಮೆಲುಕು ಹಾಕುತ್ತ ನಿಂತೆ. ಕಳುವಾಗಿತ್ತು. ಎಷ್ಟು ಚಂದದ ಶಬ್ದ, ಯಾರ ಮೇಲೂ ತಪ್ಪು ಬರುವುದಿಲ್ಲ. ಆದರೆ ವಕೀಲೆಯಾಗಿ ಮುಂದಿನದೂ ಕಾಣುತ್ತಿತ್ತು. ಕದ್ದ ಪಟ್ಟಿ ಎಂದರೆ ಕಳ್ಳ ಯಾರೋ ಆಗಬಹುದು. ಅದು ತನಗೆ ಎಲ್ಲೋ ಸಿಕ್ಕಿತ್ತು ಎಂದು ಆ ಅಕ್ಕ ಹೇಳಿದರೆ ಮುಗಿಯಿತು, ಆ ಹುಡುಗಿ ಇದ್ದಲ್ಲೇ ಇರುತ್ತಾಳೆ. ಬೆಂಚಿನ ಮೇಲೆ ತಾಯಿ ಆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಹೊತ್ತೇರಿತ್ತು, ಬೆಳಗ್ಗೆಯಿಂದ ಚಹಾ ಕೂಡ ಕುಡಿದಿರಲಿಲ್ಲ.

ಒಳಗೆ ಹೋಗಿ ಬರೆದೆ. ಪಟ್ಟಿ ನನ್ನದು. ಮನೆಯ ಸ್ಥಿತಿ ಎಂಬ ಕಾಲಂ ನಾನು ಸೇರಿಸಿದ್ದು. ಟಿಕ್ ನನ್ನ ಕೈಯದು, ಹೊಲಿಗೆ ತರಬೇತಿಗಾಗಿ ಹಾಕಿದ್ದು. ಪ್ರತಿಯನ್ನು ನಾನೇ ಸಂಘದ ಅಕ್ಕನಿಗೆ ಕೊಟ್ಟೆ. ಯಾವ ಗಂಡಿನ ಕಾಗದವನ್ನೂ ನಾನು ನೋಡಿಲ್ಲ, ಯಾವ ಸಂಬಂಧವನ್ನೂ ಹೇಳಿಲ್ಲ. ನಿನ್ನೆ ಆಕೆಗೆ ಫೋನ್ ಮಾಡಿ ಸುಳಿವು ಕೊಟ್ಟವಳೂ ನಾನೇ. ಇನ್‌ಸ್ಪೆಕ್ಟರ್ ಓದಿ, "ಕಡೀ ಸಾಲು ಬೇಕೇನ್ರಿ?" ಅಂದರು. ಇರಲಿ ಅಂದೆ. ಪ್ರಕರಣ ದಾಖಲಾಯಿತು.

ಅಲ್ಲಿಯೇ ಕುಳಿತು, ತಂದಿದ್ದ ಮೂಲ ಪಟ್ಟಿಗಳನ್ನು ಬಿಡಿಸಿ, ಉಳಿದ ಟಿಕ್‌ಗಳಿಗೆಲ್ಲ ಫೋನ್ ಹಚ್ಚಿದೆ. ಒಂದೊಂದು ಕಡೆ ಹುಡುಗಿಯ ದನಿ ಕೇಳುವ ತನಕ ಫೋನ್ ಇಡಲಿಲ್ಲ. ಎಲ್ಲರೂ ಮನೆಯಲ್ಲಿದ್ದರು. ಆದರೆ ಸವಣೂರಿನ ಒಬ್ಬ ಹುಡುಗಿಯ ತಾಯಿ ಏನಂದಳು ಗೊತ್ತೆ? "ಹಾಂ ಹಾಂ, ನಿಮ್ಮ ಅಕ್ಕಾರು ಬಂದಿದ್ರಿ. ಬರೂ ಶುಕ್ರವಾರ ಗಂಡು ತೋರಸ್ತೇನಿ ಅಂದಾರ. ಭಾಳ ಉಪಕಾರ ಆತ್ರಿ ಮೇಡಂ." ನನಗೆ ಧನ್ಯವಾದ ಹೇಳುತ್ತಿದ್ದಳು! ಫೋನ್ ಹಿಡಿದೇ ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಯಾರು ಬಂದರೂ ಬಾಗಿಲು ತೆಗೆಯಬೇಡ ಎಂದು ಬಿಡಿಸಿ ಹೇಳಿದೆ.

ಎರಡನೇ ದಿನ ಆ ಅಕ್ಕ ಸಿಕ್ಕಳು. ಓಡಿಹೋಗಿರಲಿಲ್ಲ, ತಂಗಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತಿದ್ದಳಂತೆ. ಪಟ್ಟಿ ಗುರುತಿಸಲು ನನ್ನನ್ನು ಕರೆಸಿದರು. ತಲೆ ತಗ್ಗಿಸುತ್ತಾಳೆ, ಇಲ್ಲವೇ ಕಾಲಿಗೆ ಬೀಳುತ್ತಾಳೆ ಅಂದುಕೊಂಡು ಹೋದೆ. ನನ್ನನ್ನು ಕಂಡು, "ಬರ್ರಿ ಮೇಡಂ, ಕುಂದರ್ರಿ" ಅಂದಳು, ತನ್ನ ಮನೆಗೇ ಬಂದವಳಿಗೆ ಹೇಳಿದ ಹಾಗೆ.

"ನಿನಗೂ ಹೆಣ್ಣುಮಕ್ಕಳಿದ್ದಾರಲ್ಲ, ಹೇಗೆ ಮನಸ್ಸು ಬಂತು?" ಎಂದು ಕೇಳಿದೆ.

"ನಾ ಏನ್ ಹೊಸಾದು ಮಾಡೀನ್ರಿ?" ಅಂದಳು. "ಅಪ್ಪಿಲ್ಲದ ಹುಡುಗ್ಯಾರನ್ನ ಮದಲ ನಾ ಓಣಿ ಓಣಿ ಹುಡುಕ್ಯಾಡತಿದ್ದೆ. ನೀವು ಆರಿಸಿ, ಗುರ್ತು ಹಾಕಿ ಕೊಟ್ರಿ. ನಾ ದಾರಿ ಹಚ್ಚಿದೆ."

ಆಕೆಯ ಮುಖದಲ್ಲಿ ಕುಹಕ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದಳು. ಎಷ್ಟೋ ಸಲ ಆಕೆಯ ಪಕ್ಕದಲ್ಲಿ ಕುಳಿತು ಅವಲಕ್ಕಿ ತಿಂದಿದ್ದೇನೆ. ಒಂದು ದಿನವೂ ನನಗೆ ಅನುಮಾನ ಬರಲಿಲ್ಲವಲ್ಲ! ಇನ್‌ಸ್ಪೆಕ್ಟರ್ ಆಕೆಯ ಮಾತನ್ನು ಹಾಗೆಯೇ ಬರೆಸಿಕೊಂಡರು.

ಆ ನಂಬರಿನ ಟವರ್ ಗುಜರಾತಿನದೇ ಅಲ್ಲ, ಬೇರೆ ರಾಜ್ಯದ್ದು. ನಾನು ಸುಳಿವು ಕೊಟ್ಟ ದಿನವೇ ಅದು ಬಂದ್ ಆಗಿತ್ತು, ಅಲ್ಲಿಂದ ಮುಂದೆ ಹುಡುಗಿಯನ್ನು ಎಲ್ಲಿಗೆ ಸಾಗಿಸಿದರೋ ತಿಳಿಯದು. ಇನ್‌ಸ್ಪೆಕ್ಟರ್, ಮೂವರು ಸಿಬ್ಬಂದಿ, ಗುರುತು ಹಿಡಿಯಲು ತಾಯಿ, ಇಷ್ಟು ಜನ ರೈಲು ಹತ್ತಿದರು. ನನಗೆ ಹೋಗಲು ಅವಕಾಶವಿಲ್ಲ, ಈಗ ನಾನು ಸಾಕ್ಷಿದಾರಳು. ಸಂಸ್ಥೆಯಿಂದ ಎರಡು ಸಾಲಿನ ಪತ್ರ ಬಂತು, ನಿಮ್ಮ ಸೇವೆ ಅಗತ್ಯವಿಲ್ಲ ಎಂದು. ಓದಿ ಮಡಿಚಿಟ್ಟೆ. ಅದಕ್ಕೆ ದುಃಖಪಡುವಷ್ಟು ಜಾಗ ಒಳಗೆ ಉಳಿದಿರಲಿಲ್ಲ. ಕೋರ್ಟಿನಲ್ಲಿ ವಾದ ಮಾಡುತ್ತ ಮಾಡುತ್ತ ಕಕ್ಷಿದಾರನ ಹೆಸರು ಮರೆತು ನಿಲ್ಲುತ್ತಿದ್ದೆ.

ಮೊದಲ ಮನೆ ಖಾಲಿಯಾಗಿತ್ತಂತೆ. ತಾಯಿ ಅಲ್ಲಿಯ ಅಂಗಳದಲ್ಲಿ ಕುಳಿತುಬಿಟ್ಟಳಂತೆ, ಮಗಳ ಚಪ್ಪಲಿ ಅಲ್ಲಿತ್ತು. ಭಾಷೆ ಬಾರದಿದ್ದರೂ ಆ ಚಪ್ಪಲಿ ಎತ್ತಿ ಹಿಡಿದು ಓಣಿಯ ಪ್ರತಿ ಹೆಂಗಸಿಗೂ ತೋರಿಸುತ್ತ ಹೋದಳಂತೆ. ಒಬ್ಬ ಮುದುಕಿ ಬಾಯಿ ಬಿಡದೆ, ಊರ ಹೊರಗಿನ ಇಟ್ಟಿಗೆ ಭಟ್ಟಿಯ ಕಡೆ ಗದ್ದ ತಿರುಗಿಸಿ ಒಳಗೆ ಹೋದಳಂತೆ. ಏಳನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಫೋನ್ ಮಾಡಿ, "ಸಿಕ್ಕಳ್ರಿ" ಎಂದು ಇಟ್ಟರು. ನಾನು ಝೆರಾಕ್ಸ್ ಅಂಗಡಿಯವನ ಮುಂದೆ ನಿಂತು ಏನೇನೋ ಬಡಬಡಿಸಿದೆ, ಅವನಿಗೆ ಒಂದೂ ತಿಳಿಯಲಿಲ್ಲ.

ಊರಿಗೆ ಬಂದ ಮೇಲೆ ನ್ಯಾಯಾಧೀಶರ ಮುಂದೆ ಹುಡುಗಿಯ ಹೇಳಿಕೆ. ಬಾಗಿಲು ಮುಚ್ಚಿ, ಆಕೆ ಒಬ್ಬಳೇ ಒಳಗೆ. ತಾಯಿ ಮತ್ತು ನಾನು ವರಾಂಡದ ಬೆಂಚಿನಲ್ಲಿ ಕುಳಿತೆವು. ಒಂದೂವರೆ ಗಂಟೆ ಹಿಡಿಯಿತು. ಆ ಮನೆಯಲ್ಲಿ ಆಕೆಗೆ ಏನೇನಾಯಿತೆಂದು ನನಗೆ ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ. ಅದು ಆಕೆಯದು.

ಹೊರಗೆ ಬಂದಳು. ಹಾಜರಿ ಪಟ್ಟಿಯ ಹನ್ನೊಂದನೇ ಸಾಲು ಎಂದಷ್ಟೇ ನನಗೆ ಗೊತ್ತಿದ್ದ ಹುಡುಗಿಯ ಮುಖವನ್ನು ಅವತ್ತು ಸರಿಯಾಗಿ ನೋಡಿದೆ. ಶಿಬಿರದಲ್ಲಿ ಆಕೆ ಎಲ್ಲಿ ಕುಳಿತಿದ್ದಳೋ ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ. ನಮ್ಮ ಹತ್ತಿರ ಬಂದು ನಿಂತಳು.

"ನಿಮ್ಮ ಹೆಸರೂ ಹೇಳೇನ್ರಿ ಮೇಡಂ" ಅಂದಳು.

"ಏನಂತ ಹೇಳಿದಿ?"

"ಗಂಡಿನ ಮಕಾ ನೋಡಿದ್ದಿಲ್ಲ, ಊರ ಗೊತ್ತಿದ್ದಿಲ್ಲ. ಮತ್ತ ಹೂಂ ಅಂತ ಯಾಕ ಅಂದಿ ಅಂತ ಸಾಹೇಬ್ರು ಕೇಳಿದ್ರು. ವಕೀಲ ಮೇಡಂ ಕಡಿಂದ ಬಂದದ್ದು ಅಂದ್ರು, ಅದಕ್ಕ ಅಂದೆ ಅಂತ ಹೇಳಿದೆ."

ತಾಯಿ ಗಾಬರಿಯಾಗಿ ಆಕೆಯ ತೋಳು ಹಿಡಿದಳು. "ಹಂಗ್ಯಾಕ ಹೇಳಿದೀ ಯವ್ವಾ? ನಿನ್ನ ಕರಸಾಕ ಓಡ್ಯಾಡಿದಾಕೀನ ಮೇಡಂ!"

"ಖರೇ ಹೇಳಂದ್ರು. ಖರೇ ಹೇಳಿದೆ" ಅಂದಳು ಹುಡುಗಿ.

"ಬರೋಬ್ಬರಿ ಹೇಳಿದಿ" ಅಂದೆ. ಆಕೆ ನನ್ನನ್ನೊಮ್ಮೆ ನೋಡಿದಳು. ನಗಲಿಲ್ಲ, ಬೈಯಲೂ ಇಲ್ಲ. ಅವ್ವನ ಕೈ ಹಿಡಿದುಕೊಂಡು ಮೆಟ್ಟಿಲು ಇಳಿದು ಬಸ್ ನಿಲ್ದಾಣದ ಕಡೆ ಹೋದಳು.